ಜಿ-ಎಚ್ ಪಟ್ಟಿ ಬೇಡ, ಆ ಹುಡುಗ ಬೇಕು

ಮಾನ್ವಿಯ ಟೀಚರ್‌ಗೆ ನಮಸ್ಕಾರ.

ನಮ್ಮ ಪತ್ರಿಕೆಗೆ ನೀವು ಕಳಿಸಿದ ಲೇಖನ ಪೂರ್ತಿ ಓದಿದೆ. ಇಂಗ್ಲಿಷಿನಲ್ಲಿ ಜಿ ಮತ್ತು ಎಚ್ ಜೋಡಿಯಾಗಿ ಬರುವ ಪದಗಳ ಬಗ್ಗೆ ಬರೆದಿದ್ದೀರಿ. ನೈಟ್, ಲೈಟ್, ಡಾಟರ್, ಕಾಫ್, ಲಾಫ್, ಗೋಸ್ಟ್ ಅಂತ ಪುಟಗಟ್ಟಲೆ ಪಟ್ಟಿ ಕೊಟ್ಟು, 'ಇದು ತಲೆಬುಡ ಇಲ್ಲದ ಭಾಷೆ, ನಮ್ಮ ಕನ್ನಡ ಬರೆದಂತೆ ಓದುವ ಭಾಷೆ' ಎಂದು ಮುಗಿಸಿದ್ದೀರಿ. ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಪಟ್ಟಿ ಡಿಕ್ಷನರಿಯಲ್ಲಿ ಸಿಗುತ್ತದೆ. ಅದನ್ನು ತೆಗೆಯಿರಿ. ಕೊನೆಯ ಪುಟದಲ್ಲಿ ಸುಮ್ನೆ ನಾಲ್ಕು ಸಾಲಿನಲ್ಲಿ ಒಂದು ವಿಷಯ ಹೇಳಿ ದಾಟಿದ್ದೀರಲ್ಲ, ನಿಮ್ಮ ಟ್ಯೂಷನ್ನಿನ ರಾಘವೇಂದ್ರ ಎಂಬ ಹುಡುಗ 'ನೈಟ್' ಅನ್ನು 'ನೈಘ್ಟ್' ಎಂದು ಓದಿದ, ಎಲ್ಲರೂ ನಕ್ಕರು, ನೀವು ತಿದ್ದಿದಿರಿ ಅಂತ, ಲೇಖನ ಇರುವುದು ಅಲ್ಲಿ.

ಅವನು ಯಾಕೆ ಹಾಗೆ ಓದಿದ? ಮಂತ್ರಾಲಯ ಹತ್ತಿರ ಇರುವ ನಮ್ಮ ರಾಯಚೂರು ಸೀಮೆಯಲ್ಲಿ ರಾಘವೇಂದ್ರ ಇಲ್ಲದ ಕ್ಲಾಸು ಸಿಗುವುದು ಕಷ್ಟ. ಇಂಗ್ಲಿಷಿನಲ್ಲಿ ತನ್ನ ಹೆಸರು ಬರೆಯಲು ಕಲಿತಾಗಲೇ ಆ ಹುಡುಗ ಜಿ-ಎಚ್ ಅಂದರೆ ಘ ಎಂದು ಕಲಿತಿದ್ದಾನೆ. ಓಣಿಯ ಸ್ವಸಹಾಯ ಸಂಘದ ಬೋರ್ಡಿನಲ್ಲೂ ಅದೇ ಜೋಡಿ, ಅದೇ ಘ. ಗೊತ್ತಿದ್ದ ನಿಯಮವನ್ನೇ ಅವನು ಹೊಸ ಪದಕ್ಕೆ ಹಚ್ಚಿದ. ಅದು ದಡ್ಡತನ ಅಲ್ಲ, ಅಲ್ವಾ? ಲೇಖನದಲ್ಲಿ ಇದು ಒಂದು ಸಾಲೂ ಇಲ್ಲ. ನನಗೆ ಬೇಸರ ಆಗಿದ್ದು ಅದಕ್ಕೇ.

ಇನ್ನು 'ತಲೆಬುಡ ಇಲ್ಲ' ಎಂಬ ಮಾತು. ಬುಡ ಇದೆ. ಹಳೆಯ ಇಂಗ್ಲಿಷರು ನೈಟ್, ಎಯ್ಟ್, ಡಾಟರ್ ಪದಗಳಲ್ಲಿ ಗಂಟಲಿನಿಂದ ಒಂದು ಸದ್ದು ಹೊರಡಿಸುತ್ತಿದ್ದರು. ಜರ್ಮನ್ನರು ಈಗಲೂ ನಾಖ್ಟ್, ಆಖ್ಟ್, ಟೋಖ್ಟರ್ ಎನ್ನುತ್ತಾರೆ. ನಿಮ್ಮ ಮಕ್ಕಳಿಗೆ ಆ ಸದ್ದು ಹೊಸದೇನಲ್ಲ. ಪಕ್ಕದ ಮನೆಯ ಉರ್ದು ಮಾತಾಡುವವರು 'ಖಬರ್' ಅನ್ನುವಾಗ ಗಂಟಲಲ್ಲಿ ಉಜ್ಜಿಕೊಂಡು ಬರುವ ಖ ಇದೆಯಲ್ಲ, ಹೆಚ್ಚುಕಡಿಮೆ ಅದೇ. ಅದನ್ನು ಬರೆಯಲು ಜಿ-ಎಚ್ ಬಳಕೆಗೆ ಬಂತು. ಆಮೇಲೆ ಆ ಸದ್ದು ಕೆಲವು ಪದಗಳಲ್ಲಿ ಸತ್ತುಹೋಯಿತು, ಲಾಫ್, ಕಾಫ್, ಎನಫ್ ಥರದ ಪದಗಳಲ್ಲಿ ಫ ಆಯಿತು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಅಚ್ಚುಯಂತ್ರ ತಂದಿದ್ದ. ಬಾಯಿ ಮುಂದೆ ಹೋಯಿತು, ಅಚ್ಚಾದ ಅಕ್ಷರ ಹಿಂದೆ ಉಳಿಯಿತು. 'ಗೋಸ್ಟ್'ನಲ್ಲಿ ಎಚ್ ಸೇರಿದ್ದು ಅವನ ಛಾಪಖಾನೆಯ ಕಾಲದಲ್ಲೇ, ಬೆಲ್ಜಿಯಂ ಕಡೆಯ ಫ್ಲೆಮಿಶ್ ಭಾಷೆಯ ರೂಢಿ ನೋಡಿ. 'ಡಿಲೈಟ್' ಫ್ರೆಂಚಿನಿಂದ ಬಂದ ಪದ, ಅದರಲ್ಲಿ ಜಿ-ಎಚ್ ಇರಲೇ ಇಲ್ಲ. 'ಲೈಟ್' ನೋಡಿ ಯಾರೋ ಅಂಟಿಸಿದರು, ಉಳಿದುಕೊಂಡಿತು. ಓದುಗರಿಗೆ ಇಂಥದ್ದು ಕೊಡಿ.

ಒಂದು ಕಡೆ ಸಂಗತಿಯೇ ತಪ್ಪಿದೆ. ಜಿ-ಎಚ್-ಓ-ಟಿ-ಐ ಎಂದು ಬರೆದು 'ಫಿಶ್' ಎಂದು ಓದಬಹುದು ('ಎನಫ್'ನ ಜಿ-ಎಚ್ ಫ, 'ವಿಮೆನ್'ನ ಓ ಇ, 'ನೇಷನ್'ನ ಟಿ-ಐ ಶ) ಎಂದು ನಾಟಕಕಾರ ಬರ್ನಾರ್ಡ್ ಷಾ ಹೇಳಿದ್ದಾರೆ ಎಂದಿದ್ದೀರಿ. ಎಲ್ಲರೂ ಹಾಗೇ ಹೇಳುತ್ತಾರೆ. ಆದರೆ ಈ ಮಾತು 1855ರ ಒಂದು ಪತ್ರದಲ್ಲೇ ಇದೆ. ಷಾ ಹುಟ್ಟಿದ್ದು 1856ರಲ್ಲಿ. ಹಾಗೆ ಓದಲೂ ಬರುವುದಿಲ್ಲ. ಇಂಗ್ಲಿಷ್ ಪದದ ಶುರುವಿನಲ್ಲಿ ಜಿ-ಎಚ್ ಬಂದರೆ ಅದು ಗ, ಫ ಅಲ್ಲ. ಟಿ ಅಕ್ಷರಕ್ಕೆ ಮುಂಚೆ ಬಂದರೆ ಬಹುಪಾಲು ಸದ್ದೇ ಇಲ್ಲ. ಗೊಂದಲ ಜಾಸ್ತಿ ಇರುವುದು ಕೊನೆಯಲ್ಲಿ ಬಂದಾಗ. 'ಥ್ರೂ'ನಲ್ಲಿ ಸುಮ್ಮನಿರುತ್ತದೆ, 'ರಫ್'ನಲ್ಲಿ ಫ ಆಗುತ್ತದೆ. ಮಕ್ಕಳು ಅವನ್ನು ಬಾಯಿಪಾಠ ಮಾಡಲೇಬೇಕು.

ಕನ್ನಡದ ಹೊಗಳಿಕೆ ನನಗೂ ಇಷ್ಟ. ಆದರೆ ನಾವೂ ಘಂಟೆಯನ್ನು ಗಂಟೆ ಮಾಡಿಕೊಂಡವರು. ಷ ಮತ್ತು ಶ ಬೇರೆ ಬೇರೆ ಬರೆದು ಒಂದೇ ಥರ ಓದುವವರು ಎಷ್ಟು ಜನ ಇಲ್ಲ! ಹಳಗನ್ನಡದಲ್ಲಿ ಮಳೆಯನ್ನು 'ಮೞೆ' ಎಂದು ಬರೆಯುತ್ತಿದ್ದರು. ೞ ಸದ್ದು ಹೋಯಿತು, ಹಿಂದೆಯೇ ಅಕ್ಷರವನ್ನೂ ಬಿಟ್ಟೆವು. ಇಂಗ್ಲಿಷರು ಸದ್ದು ಬಿಟ್ಟು ಅಕ್ಷರ ಇಟ್ಟುಕೊಂಡರು. ಈ ಎರಡನ್ನೂ ಪಕ್ಕಪಕ್ಕ ಇಟ್ಟು ಬರೆಯಿರಿ. ಯಾರು ಮೇಲು ಅನ್ನುವ ತೀರ್ಪು ಬೇಡ.

'ಭಾಷಿಕ ವೈಚಿತ್ರ್ಯ' ಥರದ ಮಾತು ತೆಗೆಯಿರಿ. ನೀವು ಕ್ಲಾಸಿನಲ್ಲಿ ಮಾತಾಡುವ ಹಾಗೇ ಬರೆದರೆ ಸಾಕು.

ಮತ್ತೆ ಬರೆಯುವ ಮೊದಲು ರಾಘವೇಂದ್ರನನ್ನು ಕೂರಿಸಿಕೊಂಡು ಇನ್ನೂ ಕೆಲವು ಜಿ-ಎಚ್ ಪದ ಓದಿಸಿ. ತಿದ್ದಬೇಡಿ. ಅವನು ಏನು ಓದಿದ, ಯಾಕೆ ಹಾಗೆ ಓದಿದೆ ಎಂದು ಕೇಳಿದರೆ ಏನಂದ, ಅವನ ಮಾತಿನಲ್ಲೇ ಬರೆದುಕೊಳ್ಳಿ. ಲೇಖನದಲ್ಲಿ ಹೆಸರು ಹಾಕುವ ಮುಂಚೆ ಅವನ ಮನೆಯವರನ್ನು ಕೇಳಿ. ಎರಡು ಪುಟ ಸಾಕು. ಕಳಿಸಿದ ತಕ್ಷಣ ಓದುತ್ತೇನೆ.

ನಿಮ್ಮ,
ಸಂಪಾದಕ
ರಾಯಚೂರು