ಬಿಯರ್ ಬಕೆಟ್‌ನ ಮುಚ್ಚಳ ಏಳುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಾವು ಅಮೆರಿಕದ ಒಹಾಯೊದಲ್ಲಿದ್ದೇವೆ. ಮೊದಲ ಸಲ ಮನೆಯಲ್ಲಿ ಬಿಯರ್ ಮಾಡಿದ್ದೇನೆ. 6.5 ಗ್ಯಾಲನ್‌ನ ಪ್ಲಾಸ್ಟಿಕ್ ಬಕೆಟ್, ಕೆಳಗೆ ನಲ್ಲಿ ಇದೆ. ಹುದುಗುವುದು ಮುಗಿದ ಮೇಲೆ ತಿಳಿಯಾಗಲಿ ಅಂತ ಎರಡು ದಿನ ಫ್ರಿಜ್‌ನಲ್ಲಿಟ್ಟೆ. ಏರ್‌ಲಾಕ್ (ಮುಚ್ಚಳದ ತೂತಿಗೆ ಸಿಕ್ಕಿಸುವ, ಅನಿಲ ಹೊರಗೆ ಬಿಡುವ ನೀರಿನ ಕೊಳವೆ) ಇತ್ತು, ಅದರ ನೀರು ಒಳಗೆ ಇಳಿಯಬಾರದು ಅಂತ ಅದನ್ನು ತೆಗೆದು ತೂತಿಗೆ ರಬ್ಬರ್ ಬಿರಡೆ ಹಾಕಿದ್ದೆ. ಈಗ ಮುಚ್ಚಳ ಅಲ್ಲಾಡುತ್ತಲೇ ಇಲ್ಲ. ಸ್ಕ್ರೂಡ್ರೈವರ್‌ನಿಂದ ಮೀಟಲಾ?

ಉತ್ತರ: ದಯವಿಟ್ಟು ಬೇಡ. ಮೊದಲು ಆ ಬಿರಡೆ ಕೀಳಿ. ನಿಮ್ಮ ಮುಚ್ಚಳವನ್ನು ಹಿಡಿದಿರುವುದು ಹೊರಗಿನ ಗಾಳಿ.

ಬಿಸಿ ಅನ್ನ ತುಂಬಿದ ಸ್ಟೀಲ್ ಡಬ್ಬಿ ಆರಿದ ಮೇಲೆ ಮುಚ್ಚಳ ಬರಲ್ಲ ಅಲ್ವಾ, ಇಲ್ಲೂ ಅದೇ ಆಗಿದೆ. 20 ಡಿಗ್ರಿಯಿಂದ 2 ಡಿಗ್ರಿಗೆ ಇಳಿದರೆ ಒಳಗಿನ ಅನಿಲ ಸುಮಾರು ನೂರಕ್ಕೆ ಆರರಷ್ಟು ಕುಗ್ಗುತ್ತದೆ. ಬಿಯರ್ ತಣ್ಣಗಾದಷ್ಟೂ ಇಂಗಾಲದ ಡೈಆಕ್ಸೈಡನ್ನು ಜಾಸ್ತಿ ಹೀರಿಕೊಳ್ಳುತ್ತದೆ ಬೇರೆ. ಮುಚ್ಚಳದ ಅಗಲ ಸುಮಾರು 30 ಸೆಂ.ಮೀ. ಒಳಗಿನ ಒತ್ತಡ ನೂರಕ್ಕೆ ಐದರಷ್ಟು ಇಳಿದರೂ ಸಾಕು, ಅದರ ಮೇಲೆ 35 ಕೆಜಿ ಭಾರ ಕೂತಂತೆ. ಬಕೆಟ್ ಸ್ವಲ್ಪ ಒಳಕ್ಕೆ ಬಾಗುವುದರಿಂದ ಅಷ್ಟೂ ಬೀಳುವುದಿಲ್ಲ, ಆದರೂ ಕೈಯಲ್ಲಿ ಎಳೆದರೆ ಬರುವಂಥದ್ದಲ್ಲ. ಮುಚ್ಚಳದ ನಡುಭಾಗ ತಗ್ಗಾಗಿದೆಯಾ ನೋಡಿ. ತಗ್ಗಾಗಿದ್ದರೆ ಇದೇ ಕಾರಣ.

ಬಿರಡೆಯ ಸುತ್ತ ಸ್ಯಾನಿಟೈಸರ್ (ಬಿಯರ್ ಪಾತ್ರೆಗಳಿಗೆ ಬಳಸುವ ಕ್ರಿಮಿನಾಶಕ ದ್ರಾವಣ, ಕೈಗೆ ಹಚ್ಚುವುದಲ್ಲ) ಸಿಂಪಡಿಸಿ, ತಿರುಗಿಸುತ್ತಾ ಮೇಲಕ್ಕೆ ಎಳೆಯಿರಿ. ಒತ್ತಿದರೆ ತೂತಿನ ರಬ್ಬರ್ ಬಳೆ ಸಮೇತ ಬಿಯರ್ ಒಳಗೆ ಬೀಳುತ್ತದೆ. ಸುಯ್ ಅಂತ ಗಾಳಿ ಒಳಗೆ ಹೋದರೆ ಅರ್ಧ ಕೆಲಸ ಮುಗಿಯಿತು.

ಇನ್ನೊಂದು ಮಾತು. ನಲ್ಲಿ ಇದೆ ಅಂದಿರಿ. ಹಾಗಿದ್ದರೆ ಮುಚ್ಚಳ ತೆಗೆಯುವ ಅವಸರವೇ ಇಲ್ಲ. ಮೇಲಿನ ತೂತು ತೆರೆದಿಟ್ಟು ನಲ್ಲಿಯಿಂದಲೇ ಬಿಯರ್ ಇಳಿಸಿಕೊಳ್ಳಿ. ತೂತು ಮುಚ್ಚಿದ್ದರೆ ಸ್ವಲ್ಪ ಹರಿದು ನಿಂತುಬಿಡುತ್ತದೆ. ಮುಚ್ಚಳ ಪೂರ್ತಿ ತೆಗೆಯದಿದ್ದಷ್ಟೂ ಒಳ್ಳೆಯದು. ಆಮ್ಲಜನಕ ತಾಗಿದ ಬಿಯರ್‌ಗೆ ದಿನ ಕಳೆದಂತೆ ಒದ್ದೆ ರಟ್ಟಿನ ರುಚಿ ಬರುತ್ತದೆ, ಅದನ್ನು ಮತ್ತೆ ಸರಿ ಮಾಡಲಾಗುವುದಿಲ್ಲ.

ಖಾಲಿಯಾದ ಮೇಲೂ ಮುಚ್ಚಳ ಬರದಿದ್ದರೆ ಆಗ ಅಂಟು ಕಾರಣ. ಉಕ್ಕಿದ ನೊರೆಯಲ್ಲಿ ಮಾಲ್ಟ್ ಸಕ್ಕರೆ ಇರುತ್ತದೆ. ಅದು ಅಂಚಿನ ರಬ್ಬರ್ ಸುತ್ತ ಒಣಗಿ ಗೋಂದಿನ ಹಾಗೆ ಹಿಡಿದಿರುತ್ತದೆ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಅಂಚಿಗೆ ಸುತ್ತಿ ಹತ್ತು ನಿಮಿಷ ಬಿಡಿ. ಸಕ್ಕರೆ ಕರಗುತ್ತದೆ, ಪ್ಲಾಸ್ಟಿಕ್ಕೂ ಮೆತ್ತಗಾಗುತ್ತದೆ. ಆಮೇಲೆ ಬಕೆಟನ್ನು ನೆಲದ ಮೇಲಿಟ್ಟು, ಕಾಲುಗಳ ನಡುವೆ ಹಿಡಿದು, ಅಂಚನ್ನು ಒಂದೊಂದೇ ಕಡೆ ಎಬ್ಬಿಸುತ್ತಾ ಸುತ್ತ ಬನ್ನಿ. ಒಂದೇ ಕಡೆ ಬಲ ಹಾಕಬೇಡಿ. ಪೇಂಟ್ ಬಕೆಟ್ ತೆಗೆಯುವ ಪ್ಲಾಸ್ಟಿಕ್ ಓಪನರ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಒಂದು ತಂದಿಟ್ಟುಕೊಳ್ಳಿ. ಸ್ಕ್ರೂಡ್ರೈವರ್ ಬೇಡ ಅಂದದ್ದು ಗೀರಿನ ಭಯಕ್ಕೆ. ಗೀರಿನಲ್ಲಿ ಬ್ಯಾಕ್ಟೀರಿಯಾ ಕೂತರೆ ಎಷ್ಟು ತೊಳೆದರೂ ಹೋಗುವುದಿಲ್ಲ. ಅಂಥ ಬಕೆಟ್ಟನ್ನು ಬಿಯರ್‌ಗೆ ಮತ್ತೆ ಬಳಸಬಾರದು.

ಮುಚ್ಚಳ ಉಬ್ಬಿದ್ದರೆ ಮಾತ್ರ ಕಥೆ ಬೇರೆ, ಜಾಗ್ರತೆ. 20 ಲೀಟರ್ ಬಿಯರ್ ಹುದುಗುವಾಗ ಸುಮಾರು 400 ಲೀಟರ್ ಅನಿಲ ಹೊರಡುತ್ತದೆ. ನೊರೆ, ಹಾಪ್ಸ್ (ಬಿಯರ್‌ಗೆ ಕಹಿ ಕೊಡುವ ಹೂವು) ಚೂರು ಸಿಕ್ಕಿ ಏರ್‌ಲಾಕ್ ಕಟ್ಟಿಕೊಂಡರೆ ಅಷ್ಟೂ ಒಳಗೇ ಒತ್ತುತ್ತದೆ. ಮೇಲೆ ಟವೆಲ್ ಹೊದಿಸಿ, ಮುಖ ದೂರ ಇಟ್ಟುಕೊಂಡು, ಏರ್‌ಲಾಕನ್ನು ನಿಧಾನವಾಗಿ ಸಡಿಲಿಸಿ.

ಇದನ್ನು ಓದಿ ಕರ್ನಾಟಕದಲ್ಲಿ ಮಾಡಲು ಹೊರಟವರಿಗೆ: 1965ರ ಅಬಕಾರಿ ಕಾಯ್ದೆ ಪ್ರಕಾರ ಇಲ್ಲಿ ಲೈಸೆನ್ಸ್ ಇಲ್ಲದೆ ಬಿಯರ್ ಮಾಡುವುದು ಅಪರಾಧ.

ಮುಂದಿನ ಸಲ ಮುಚ್ಚುವ ಮೊದಲು ಅಂಚನ್ನು ಒರೆಸಿ, ರಬ್ಬರ್ ರಿಂಗನ್ನು ಸ್ಯಾನಿಟೈಸರ್‌ನಲ್ಲಿ ಅದ್ದಿ ಹಾಕಿ. ಫ್ರಿಜ್‌ಗೆ ಇಡುವಾಗ ಬಿರಡೆ ಬೇಡ. ಎಸ್ ಆಕಾರದ ಏರ್‌ಲಾಕ್ ಹಾಕಿ, ಗೆರೆಯವರೆಗೆ ಮಾತ್ರ ವೋಡ್ಕಾ ತುಂಬಿ. ಅದರಲ್ಲಿ ಗಾಳಿ ಗುಳ್ಳೆಯಾಗಿ ಒಳಗೆ ಹೋಗುತ್ತದೆ. ಒಂದೆರಡು ಹನಿ ವೋಡ್ಕಾ ಒಳಗೆ ಬಿದ್ದರೂ ಬಿಯರ್ ಕೆಡುವುದಿಲ್ಲ.