ಬೇಯುವ ಮೊಟ್ಟೆ, ಬಿಚ್ಚುವ ಪ್ರೋಟೀನ್: ಕಂಪ್ಯೂಟರಿಗೆ ಕಂಡದ್ದೇನು?

ಪ್ರಶ್ನೆ: ಮೊಟ್ಟೆ ಬೇಯಿಸಿದಾಗ ಬಿಳಿಭಾಗದ ಪ್ರೋಟೀನ್‌ಗಳು ಬಿಚ್ಚಿಕೊಳ್ಳುತ್ತವೆ, ಅಂಥದ್ದನ್ನು ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ನೋಡುತ್ತಾರೆ ಎಂದು ನಮ್ಮ ಉಪನ್ಯಾಸಕರು ಹೇಳಿದರು. ಬರಿಗಣ್ಣಿಗೆ ಕಾಣದ ಈ ಚಲನೆ ಕಂಪ್ಯೂಟರಿಗೆ ಹೇಗೆ ಕಂಡೀತು? ಅದೂ ಒಂದು ಅನಿಮೇಷನ್ ಚಿತ್ರವೇ ಅಲ್ಲವೇ?
– ಪಿಯುಸಿ ವಿದ್ಯಾರ್ಥಿನಿ, ಶಿರಸಿ

ಉತ್ತರ: ನಿಮ್ಮ ಅನುಮಾನ ನ್ಯಾಯವಾದದ್ದೇ. ಅನಿಮೇಷನ್‌ನಲ್ಲಿ ಮುಂದಿನ ಚಿತ್ರ ಹೇಗಿರಬೇಕೆಂದು ಕಲಾವಿದ ನಿರ್ಧರಿಸುತ್ತಾನೆ. ಸಿಮ್ಯುಲೇಶನ್‌ನಲ್ಲಿ, ಅಂದರೆ ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಮಾಡುವ ಅನುಕರಣೆಯಲ್ಲಿ, ಅದನ್ನು ನ್ಯೂಟನ್ನನ ಚಲನೆಯ ನಿಯಮ ನಿರ್ಧರಿಸುತ್ತದೆ. ಪ್ರೋಟೀನ್ ಎಂದರೆ ಮಡಚಿಕೊಂಡು ಒಂದು ಆಕಾರ ತಳೆದ ಅಮೈನೊ ಆಮ್ಲಗಳ ಸರಪಳಿ. ಪ್ರಯೋಗದಿಂದ ತಿಳಿದ ಪ್ರೋಟೀನಿನ ರಚನೆಯನ್ನು ಆರಂಭಕ್ಕೆ ಇಟ್ಟುಕೊಂಡು, ಅದರ ಸುತ್ತ ಸಾವಿರಾರು ನೀರಿನ ಅಣುಗಳನ್ನು ತುಂಬಿ, ಪ್ರತಿಯೊಂದು ಪರಮಾಣುವಿನ ಮೇಲೆ ಉಳಿದವು ಬೀರುವ ಬಲವನ್ನು ಲೆಕ್ಕ ಹಾಕುತ್ತಾರೆ. ಆ ಬಲಕ್ಕೆ ತಕ್ಕಂತೆ ಎಲ್ಲ ಪರಮಾಣುಗಳನ್ನೂ ಕೂದಲೆಳೆಯಷ್ಟೂ ಅಲ್ಲದ ದೂರಕ್ಕೆ ಸರಿಸಿ, ಹೊಸ ಜಾಗದಲ್ಲಿ ಬಲವನ್ನು ಮತ್ತೆ ಲೆಕ್ಕ ಹಾಕುತ್ತಾರೆ. ಇಂಥ ಒಂದು ಹೆಜ್ಜೆಗೆ ಸಿಗುವ ಕಾಲ ಸಾಮಾನ್ಯವಾಗಿ 2 ಫೆಮ್ಟೊಸೆಕೆಂಡ್. ಒಂದು ಸೆಕೆಂಡನ್ನು 1ರ ಮುಂದೆ 15 ಸೊನ್ನೆ ಹಾಕಿದಷ್ಟು ಪಾಲು ಮಾಡಿದರೆ ಬರುವ ಒಂದು ಪಾಲೇ ಫೆಮ್ಟೊಸೆಕೆಂಡ್. ಪರಮಾಣುಗಳ ಕಂಪನ ಅಷ್ಟು ವೇಗದ್ದಾದ್ದರಿಂದ ಹೆಜ್ಜೆಯನ್ನು ಇದಕ್ಕಿಂತ ಹೆಚ್ಚು ಉದ್ದ ಮಾಡಲಾಗದು. ಮಾಡಿದರೆ ಪರಮಾಣುಗಳು ಒಂದರೊಳಗೊಂದು ನುಗ್ಗಿ ಲೆಕ್ಕವೇ ಸಿಡಿದುಹೋಗುತ್ತದೆ.

ಈ ವಿದ್ಯೆಯ ಇಡೀ ಕಷ್ಟ ಇರುವುದು ಇಲ್ಲಿಯೇ. ಒಂದು ಮೈಕ್ರೊಸೆಕೆಂಡಿನ, ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದ, ಚಲನೆಗೆ 50 ಕೋಟಿ ಹೆಜ್ಜೆಗಳು ಬೇಕು. 1977ರಲ್ಲಿ ಮೆಕ್‌ಕ್ಯಾಮನ್, ಗೆಲಿನ್ ಮತ್ತು ಕಾರ್‌ಪ್ಲಸ್ ಅವರು 58 ಅಮೈನೊ ಆಮ್ಲಗಳ ಒಂದು ಪುಟ್ಟ ಪ್ರೋಟೀನನ್ನು ಮೊದಲ ಬಾರಿಗೆ ಹೀಗೆ ಚಲಿಸಿ ನೋಡಿದಾಗ, ನೀರನ್ನೇ ಕೈಬಿಟ್ಟು ಮಾಡಿದ ಆ ಲೆಕ್ಕ 10 ಪಿಕೊಸೆಕೆಂಡನ್ನೂ (ಒಂದು ಪಿಕೊಸೆಕೆಂಡ್ ಎಂದರೆ ಸಾವಿರ ಫೆಮ್ಟೊಸೆಕೆಂಡ್) ಮುಟ್ಟಲಿಲ್ಲ. ಅದೇ ಪ್ರೋಟೀನನ್ನು 2010ರಲ್ಲಿ ಡಿ. ಇ. ಶಾ ಅವರ ತಂಡ, ಇದೊಂದೇ ಕೆಲಸಕ್ಕೆಂದು ಕಟ್ಟಿದ ಆಂಟನ್ ಎಂಬ ಯಂತ್ರದಲ್ಲಿ, ನೀರಿನ ಸಮೇತ ಒಂದು ಮಿಲಿಸೆಕೆಂಡಿನವರೆಗೆ ಹಿಂಬಾಲಿಸಿತು. 33 ವರ್ಷಗಳಲ್ಲಿ ಹತ್ತು ಕೋಟಿ ಪಟ್ಟು ಮುಂದಕ್ಕೆ ಬಂದರೂ ತಲುಪಿದ್ದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೆ!

ಪ್ರಶ್ನೆ: ಪ್ರೋಟೀನನ್ನು ಕಂಪ್ಯೂಟರಿನಲ್ಲಿ 225 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತಾರೆಂದು ಓದಿದೆ. ಅಷ್ಟರಲ್ಲಿ ನೀರು ಆವಿಯಾಗಿ ಪ್ರೋಟೀನ್ ಸುಟ್ಟು ಕರಕಲಾಗುವುದಿಲ್ಲವೇ? ಅಂಥ ಲೆಕ್ಕವನ್ನು ನಂಬುವುದು ಹೇಗೆ?
– ನಿವೃತ್ತ ರಸಾಯನಶಾಸ್ತ್ರ ಶಿಕ್ಷಕ, ಚಿತ್ರದುರ್ಗ

ಉತ್ತರ: ಮನೆಯ ಕುಕ್ಕರಿನ ನೀರು 120 ಡಿಗ್ರಿಯ ಆಸುಪಾಸಿನಲ್ಲೂ ದ್ರವವಾಗಿಯೇ ಇರುವುದು ಒತ್ತಡದಿಂದ. ಸಿಮ್ಯುಲೇಶನ್ನಿನ ಪೆಟ್ಟಿಗೆಯಲ್ಲೂ, ಒತ್ತಡದಲ್ಲಿರುವ ನೀರಿಗೆ 225 ಡಿಗ್ರಿಯಲ್ಲಿ ಎಷ್ಟು ಸಾಂದ್ರತೆ ಇರುತ್ತದೆಯೋ ಅದಕ್ಕೆ ಹೊಂದಿಸಿ ಗಾತ್ರವನ್ನು ಕಟ್ಟಿಹಾಕಿರುತ್ತಾರೆ, ಹಾಗಾಗಿ ಆವಿಯಾಗಲು ಜಾಗವೇ ಇರುವುದಿಲ್ಲ. ಇನ್ನು ಕರಕಲಾಗುವ ಮಾತು. ಸಾಮಾನ್ಯವಾಗಿ ಬಳಸುವ ಸೂತ್ರಗಳಲ್ಲಿ ಪರಮಾಣುಗಳ ನಡುವಣ ಸಹವೇಲೆನ್ಸಿ ಬಂಧವೆಂದರೆ ಎಂದಿಗೂ ತುಂಡಾಗದ ಸ್ಪ್ರಿಂಗ್. ಎಷ್ಟೇ ಕಾಯಿಸಿದರೂ ಸರಪಳಿ ಕಡಿಯುವುದಿಲ್ಲ, ಮಡಿಕೆಯನ್ನು ಹಿಡಿದಿಟ್ಟ ದುರ್ಬಲ ಸೆಳೆತಗಳು ಮಾತ್ರ ಸಡಿಲಗೊಳ್ಳುತ್ತವೆ. ಇದು ವಾಸ್ತವಕ್ಕೆ ಮಾಡಿದ ಸಣ್ಣ ಮೋಸವೇ ಸರಿ, ಆದರೆ ಉಪಕಾರಿಯಾದ ಮೋಸ.

ಅಷ್ಟು ಕಾಯಿಸಲು ಕಾರಣ ಅವಸರವಷ್ಟೇ. ಕೊಠಡಿಯ ಉಷ್ಣತೆಯಲ್ಲಿ ಅನೇಕ ಪ್ರೋಟೀನ್‌ಗಳು ಬಿಚ್ಚಿಕೊಳ್ಳಲು ಗಂಟೆಗಟ್ಟಲೆ ತೆಗೆದುಕೊಳ್ಳುತ್ತವೆ, ಕಂಪ್ಯೂಟರಿಗೆ ಅಷ್ಟು ವ್ಯವಧಾನವಿಲ್ಲ. 225 ಡಿಗ್ರಿಯಲ್ಲಾದರೆ ಅದೇ ಕೆಲಸ ನ್ಯಾನೊಸೆಕೆಂಡುಗಳಲ್ಲಿ ಮುಗಿಯುತ್ತದೆ. ಬಿಸಿ ಹೆಚ್ಚಿದರೆ ಪ್ರೋಟೀನ್ ಬೇಗ ಬಿಚ್ಚಿಕೊಳ್ಳುವುದೇನೋ ನಿಜ, ಆದರೆ ಬಿಚ್ಚಿಕೊಳ್ಳುವ ದಾರಿಯೇ ಬದಲಾಗಿಬಿಟ್ಟರೆ? ಇದನ್ನು ಪ್ರಯೋಗವೇ ತೀರ್ಮಾನಿಸಬೇಕಾಗಿತ್ತು. ಬಾರ್ಲಿ ಬೀಜದಲ್ಲಿ ಸಿಗುವ ಸಿಐ2 ಎಂಬ ಪುಟ್ಟ ಪ್ರೋಟೀನಿನ ವಿಷಯದಲ್ಲಿ ಆ ಪರೀಕ್ಷೆ ಚೆನ್ನಾಗಿ ನಡೆಯಿತು. ಅಲನ್ ಫರ್ಷ್ಟ್ ಅವರ ತಂಡ ಅದರ ಅಮೈನೊ ಆಮ್ಲಗಳನ್ನು ಒಂದೊಂದಾಗಿ ಬದಲಿಸಿ, ಪ್ರತಿ ಬದಲಾವಣೆಯಿಂದಲೂ ಮಡಚಿಕೊಳ್ಳುವ ವೇಗ ಎಷ್ಟು ಏರುಪೇರಾಯಿತೆಂದು ಅಳೆದು, ಮಡಚಿಕೊಳ್ಳುವಾಗ ದಾಟಬೇಕಾದ ಅತಿ ಕಷ್ಟದ ಘಟ್ಟದಲ್ಲಿ ಸರಪಳಿಯ ಯಾವ ಭಾಗ ಆಗಲೇ ರೂಪ ತಳೆದಿರುತ್ತದೆಂದು ಗುರುತಿಸಿತ್ತು. ಇತ್ತ ವ್ಯಾಲರಿ ಡ್ಯಾಗೆಟ್ ಅವರು ಅದೇ ಪ್ರೋಟೀನನ್ನು ಕಂಪ್ಯೂಟರಿನಲ್ಲಿ ಕಾಯಿಸಿ ಬಿಚ್ಚಿದಾಗ, ಆ ಘಟ್ಟದಲ್ಲಿ ಕಂಡದ್ದು ಮೂಲ ರಚನೆಯೇ ತುಸು ಹಿಗ್ಗಿದಂಥ ರೂಪ: ಸುರುಳಿಯ ಭಾಗ ಬಹುಮಟ್ಟಿಗೆ ಉಳಿದಿತ್ತು, ಒಳಗಿನ ತಿರುಳು ಸಡಿಲಗೊಂಡಿತ್ತು. ಫರ್ಷ್ಟ್ ಅವರ ಅಳತೆ ಹೇಳಿದ್ದೂ ಅದನ್ನೇ.

ಹೊಂದಾಣಿಕೆ ಆಕಸ್ಮಿಕವೂ ಆಗಿರಬಹುದೆಂದು ನೀವು ಹೇಳಬಹುದು. ಹಾಗಾಗಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು 1998ರಲ್ಲಿ ಇವರೇ ಸೇರಿ ಮಾಡಿದ ಮುಂದಿನ ಕೆಲಸ. ಆ ಕಷ್ಟದ ಘಟ್ಟದಲ್ಲಿ ವಿದ್ಯುದಾವೇಶ ಹೊತ್ತ ಕೆಲವು ಅಮೈನೊ ಆಮ್ಲಗಳು ಪರಸ್ಪರ ಅಡ್ಡಿಯಾಗುತ್ತಿವೆ ಎಂದು ಸಿಮ್ಯುಲೇಶನ್ ತೋರಿಸಿತ್ತು. ಅಂಥವನ್ನು ಪ್ರಯೋಗಾಲಯದಲ್ಲಿ ಬದಲಿಸಿ ನೋಡಿದಾಗ ಪ್ರೋಟೀನ್ ಮೊದಲಿಗಿಂತ ಬೇಗ ಮಡಚಿಕೊಂಡಿತು. ಬರಿಯ ಅನಿಮೇಷನ್ ಹೀಗೆ ಮುಂಚಿತವಾಗಿ ಹೇಳಲಾರದು. ಶಿರಸಿಯ ವಿದ್ಯಾರ್ಥಿನಿಗೂ ಇದು ಉತ್ತರವಾದೀತು.

ಪ್ರಶ್ನೆ: ಮನೆಯ ಕಂಪ್ಯೂಟರಿನಲ್ಲಿ ಇದನ್ನು ಮಾಡಿ ನೋಡಬಹುದೇ?
– ಎಂಜಿನಿಯರಿಂಗ್ ವಿದ್ಯಾರ್ಥಿ, ತುಮಕೂರು

ಉತ್ತರ: ಖಂಡಿತ. ಗ್ರೋಮ್ಯಾಕ್ಸ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಪ್ರೋಟೀನ್ ರಚನೆಗಳೂ ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ ಮುಕ್ತವಾಗಿವೆ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕಾಯುವುದು ಬಹಳ ಕಡಿಮೆಯಾಗುತ್ತದೆ. ಫಲಿತಾಂಶ ಬಂದ ಮೇಲೆ, ಸರಪಳಿಯ ತಿರುವುಗಳು ಯುಕ್ತವಾಗಿವೆಯೇ ಎಂದು ರಾಮಚಂದ್ರನ್ ನಕ್ಷೆಯಲ್ಲಿ ನೋಡಿಕೊಳ್ಳಿ. ಜಿ. ಎನ್. ರಾಮಚಂದ್ರನ್ ಅವರು ಮದರಾಸಿನಲ್ಲಿ ಸಹೋದ್ಯೋಗಿಗಳೊಡನೆ 1963ರಲ್ಲಿ ಪ್ರಕಟಿಸಿದ ನಕ್ಷೆ ಅದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೈವಿಕ ಭೌತವಿಜ್ಞಾನದ ವಿಭಾಗವನ್ನು ಕಟ್ಟಿದವರೂ ಅವರೇ. ಹೊಸಬರು ಸಾಮಾನ್ಯವಾಗಿ ಕೈ ಪಳಗಿಸಿಕೊಳ್ಳುವುದು ಲೈಸೊಜೈಮ್ ಮೇಲೆ, ಅಂದರೆ ಕೋಳಿಮೊಟ್ಟೆಯ ಬಿಳಿಭಾಗದಲ್ಲೇ ಇರುವ 129 ಅಮೈನೊ ಆಮ್ಲಗಳ ಪ್ರೋಟೀನಿನ ಮೇಲೆ. ಆದರೆ ಅದನ್ನು ಎಷ್ಟು ಕಾಯಿಸಿದರೂ ಪೂರ್ತಿ ಬಿಚ್ಚಿಕೊಳ್ಳಲಿಲ್ಲವೆಂದು ಗಾಬರಿಯಾಗಬೇಡಿ: ನಾಲ್ಕು ಕಡೆ ಗಂಧಕದ ಬಂಧಗಳು ಆ ಸರಪಳಿಗೆ ಹೊಲಿಗೆ ಹಾಕಿವೆ, ಮತ್ತು ಆ ಹೊಲಿಗೆಯೂ ನಿಮ್ಮ ತಂತ್ರಾಂಶದ ಪಾಲಿಗೆ ತುಂಡಾಗದ ಸ್ಪ್ರಿಂಗೇ.