ಎಐ ಇರುವಾಗ ಡೇಟಾ ಸ್ಟ್ರಕ್ಚರ್ ಯಾಕೆ?

ಎಐ ಕೋಡ್ ಬರೆದುಕೊಡುವಾಗ ಡೇಟಾ ಸ್ಟ್ರಕ್ಚರ್ (ಕಂಪ್ಯೂಟರಿನಲ್ಲಿ ಮಾಹಿತಿಯನ್ನು ಜೋಡಿಸಿಡುವ ವಿಧಾನ) ಕಲಿಯುವುದು ದಂಡ ಅಲ್ವಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ, ದಯವಿಟ್ಟು ಬಿಡಬೇಡಿ. ಮೊನ್ನೆ ಎಐ ನನಗೊಂದು ಫಂಕ್ಷನ್ ಬರೆದುಕೊಟ್ಟಿತು. ಟೆಸ್ಟ್ ಎಲ್ಲ ಪಾಸ್. ಆದರೆ ಲೂಪಿನೊಳಗೆ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕೋಡ್) ಇನ್ನೊಂದು ಲೂಪ್ ಇಟ್ಟು, ಪ್ರತಿ ಸಲ ಇಡೀ ಪಟ್ಟಿಯನ್ನೇ ಹುಡುಕುತ್ತಿತ್ತು. 100 ದಾಖಲೆಗೆ ತೊಂದರೆಯಿಲ್ಲ. 1 ಲಕ್ಷ ಆದರೆ 1,000 ಕೋಟಿ ಹೋಲಿಕೆ! ಇಡೀ ಪಟ್ಟಿ ಹುಡುಕದೆ ಬೇಕಾದ್ದನ್ನು ಸಾಮಾನ್ಯವಾಗಿ ನೇರವಾಗಿ ತೆಗೆದುಕೊಡುವ ಹ್ಯಾಶ್ ಟೇಬಲ್ ಎಂಬ ಡೇಟಾ ಸ್ಟ್ರಕ್ಚರ್ ಗೊತ್ತಿದ್ದರೆ ಇದು ಥಟ್ಟನೆ ಕಣ್ಣಿಗೆ ಬೀಳುತ್ತದೆ.

ಎಐಯಿಂದ ಕೆಲಸ ಹೋದೀತೆಂಬ ಭಯ ನನಗೂ ಅರ್ಥವಾಗುತ್ತದೆ. 1957ರಲ್ಲಿ ಫೋರ್ಟ್ರಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಂದ ಮೇಲೆ ಯಂತ್ರಭಾಷೆಯಲ್ಲಿ ಬರೆಯುವ ಕೆಲಸ ಕಡಿಮೆಯಾಯಿತು, ಪ್ರೋಗ್ರಾಮರ್‌ಗಳು ಜಾಸ್ತಿಯಾದರು. ಈ ಸಲವೂ ಹಾಗೇ ಆಗುತ್ತದೆ ಅಂತ ಮಾತು ಕೊಡಲಾರೆ. ಹೊಸಬರು ಮಾಡಿ ಕಲಿಯುತ್ತಿದ್ದ ಸಣ್ಣಪುಟ್ಟ ಕೆಲಸಗಳನ್ನೇ ಎಐ ಸಲೀಸಾಗಿ ಮಾಡುತ್ತದೆ, ಅದೇ ನನ್ನ ಚಿಂತೆ. ಮೊದಲು ನೀವೇ ಬರೆಯಿರಿ. ಆಮೇಲೆ ಎಐ ಬರೆದದ್ದರ ಜೊತೆ ಹೋಲಿಸಿ ನೋಡಿ.